ಕ್ಯಾಂಟೀನಿನಲ್ಲಿ ಹಂಚಿದ ಎಲೆ ಅಡಿಕೆ

"ಹೆಣ್ಣೈಕ್ಳು ಡಿಗ್ರಿ ಮುಗ್ಸದ? ನಮ್ಮಟ್ಟೀಲಿ ಅದು ಆಗದ್ ಮಾತು ಬುಡು" ಎಂದವರು ನಮ್ಮ ದೊಡ್ಡಪ್ಪ. ನಮ್ಮೂರು ಹರವೆಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ನ್ಯಾಯಕ್ಕೆ ಅವರನ್ನೇ ಕರೆಯುತ್ತಿದ್ದರು. ತಪ್ಪು ಒಪ್ಪಿಸಿ, ಎರಡೂ ಕಡೆಯವರ ಕೈಗೆ ಎಲೆ ಅಡಿಕೆ ಕೊಟ್ಟರೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಜಗಲಿಯ ಕಂಬಕ್ಕೊರಗಿ ಓದುತ್ತ, ಆ ನ್ಯಾಯಗಳನ್ನೆಲ್ಲ ಕೇಳುತ್ತ ಬೆಳೆದವಳು ನಾನು.

ಡಿಗ್ರಿ ನಾನು ಮುಗಿಸಿದೆ. ಅರಿಸಿನ ಬೇಯಿಸುವ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಓದಿ ಮುಗಿಸಿದೆ. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಅದೇ ಹೆಮ್ಮೆಯಲ್ಲಿ ಮಾಡಿದ ಇನ್ನೊಂದು ಕೆಲಸವೂ ಇದೆ.

ಕೊನೆಯ ವರ್ಷ ಚಾಮರಾಜನಗರದ ಕ್ಯಾಂಪಸ್ಸಿನಲ್ಲಿ ನನ್ನನ್ನು ಹೆಣ್ಣುಮಕ್ಕಳ ದೂರು ಸಮಿತಿಗೆ ವಿದ್ಯಾರ್ಥಿ ಸದಸ್ಯೆ ಮಾಡಿದರು. ಸಮಿತಿಯ ಮೇಡಂ ಮೊದಲ ದಿನವೇ, "ಯಾರೇ ದೂರು ಕೊಟ್ಟರೂ ನನಗೆ ತಲುಪಿಸಿ. ನೀವೇ ತೀರ್ಮಾನ ಮಾಡಲು ಹೋಗಬೇಡಿ" ಎಂದಿದ್ದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ನನ್ನ ಗೆಳತಿ ಗುಂಡ್ಲುಪೇಟೆಯವಳು, ಹಾಸ್ಟೆಲಿನಲ್ಲಿದ್ದಳು. ಭಾನುವಾರ ನಮ್ಮ ಮನೆಗೆ ಬಂದರೆ ದೊಡ್ಡಪ್ಪನ ಜೊತೆ ಚೌಕಾಬಾರ ಆಡಿ, ಮೋಸ ಮಾಡಿಯೇ ಗೆಲ್ಲುತ್ತಿದ್ದಳು. "ಗುಂಡ್ಲುಪೇಟೆ ಕಳ್ಳಿ ಬಂದ್ಲು, ಕವಡೆ ಎಣಿಸ್ಕಳಿ" ಎಂದು ಅವರು ಅವಳನ್ನು ಕಂಡಕೂಡಲೇ ಕೂಗುತ್ತಿದ್ದರು.

ನಮ್ಮ ತರಗತಿಯ ಒಬ್ಬ ಅವಳ ಬೆನ್ನು ಬಿದ್ದ. ಲೈಬ್ರರಿಯಿಂದ ಹಾಸ್ಟೆಲ್ ಗೇಟಿನವರೆಗೆ ದಿನವೂ ಹಿಂದೆಯೇ ನಡೆಯುತ್ತಿದ್ದ. ಬರಬೇಡ ಎಂದಿದ್ದಕ್ಕೆ, "ನೋಡ್ಕತೀನಿ ನಿನ್ನ" ಎಂದ. ಅವಳು ಒಂದೂವರೆ ಪುಟದ ದೂರು ಬರೆದು ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ಮೇಡಂಗೆ ಕೊಡಲಿಲ್ಲ. ವಿಷಯ ಮನೆಗೆ ತಿಳಿದರೆ ಅವಳ ಸೋದರಮಾವ ಬಂದು ಓದು ಬಿಡಿಸುತ್ತಾನೆ ಎಂಬ ಭಯ ಒಂದು. ದೊಡ್ಡಪ್ಪನ ಹಾಗೆ ನಾನೇ ಬಗೆಹರಿಸಬಲ್ಲೆ ಎಂಬ ಜಂಬ ಇನ್ನೊಂದು. ಯಾವುದು ಹೆಚ್ಚಿತ್ತು ಎಂದು ಈಗ ಕೇಳಿದರೆ, ಜಂಬವೇ. ಇಬ್ಬರನ್ನೂ ಕ್ಯಾಂಟೀನಿಗೆ ಕರೆದೆ.

"ತಪ್ಪಾಯ್ತು ಅನ್ನು" ಎಂದೆ ಅವನಿಗೆ.

"ಜಡ್ಜಮ್ಮ ಏಳುದ್ಮೇಲೆ ಇನ್ನೇನದ ಬುಡು. ತಪ್ಪಾಯ್ತು" ಎಂದು ನಕ್ಕ.

ಗೇಟಿನ ಅಂಗಡಿಯಿಂದ ತಂದಿದ್ದ ಎಲೆ ಅಡಿಕೆಯನ್ನು ಇಬ್ಬರಿಗೂ ನೀಡಿದೆ. ಅವನು ಬಾಯಿಗೆ ಹಾಕಿಕೊಂಡ. ಅವಳು ಕೈ ಚಾಚಲಿಲ್ಲ. "ಈಸ್ಕಮ್ಮಿ, ಇಲ್ಗೇ ಮುಗೀಲಿ" ಎಂದೆ. ತೆಗೆದುಕೊಂಡಳು, ತಿನ್ನಲಿಲ್ಲ. ದೂರಿನ ಹಾಳೆಯನ್ನು ಅವಳೆದುರೇ ಹರಿದೆ.

ಎಂಟು ದಿನ ಅವನು ಅವಳ ಹಿಂದೆ ಬರಲಿಲ್ಲ. ನಾನು ಬೀಗಿದೆ. ಒಂಬತ್ತನೆಯ ದಿನ ಮಧ್ಯಾಹ್ನ ಲೈಬ್ರರಿಯ ಹಿಂದೆ ಅವಳ ಕೈ ತಿರುಚಿ ಗೋಡೆಗೊತ್ತಿ ಹಿಡಿದನಂತೆ. "ರಾಜಿ ಆಗೋಯ್ತಲ್ಲ, ಈಗ ಯಾರ್ಗೇಳಿಯೆ?" ಎಂದನಂತೆ. ನನಗೆ ಇದು ತಿಳಿದದ್ದು ಹಾಸ್ಟೆಲಿನ ಹುಡುಗಿಯರಿಂದ, ಅವಳು ಬ್ಯಾಗು ಕಟ್ಟಿಕೊಂಡು ಊರಿಗೆ ಹೋದ ಮೇಲೆ.

ಮೇಡಂ ಬಳಿ ಓಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಅವಳು ಬರೆದದ್ದು ಎಲ್ಲಿ?" ಎಂದು ಮಾತ್ರ ಕೇಳಿದರು.

ದೊಡ್ಡಪ್ಪ ಬಗೆಹರಿಸುತ್ತಿದ್ದುದು ಬದುವಿನ ಜಗಳ, ದನ ನುಗ್ಗಿ ಮೇದ ಬೆಳೆಯ ಜಗಳ. ಅಲ್ಲಿ ಎರಡು ಕಡೆಯಿರುತ್ತಿತ್ತು. ಇವಳು ತನ್ನ ಪಾಡಿಗೆ ದಾರಿಯಲ್ಲಿ ನಡೆಯುತ್ತಿದ್ದಳು ಅಷ್ಟೇ. ಅವಳ ಕೈಗೆ ನಾನು ಯಾಕೆ ಎಲೆ ಅಡಿಕೆ ಕೊಟ್ಟೆ?

ಇನ್ನೊಮ್ಮೆ ಬರೆದುಕೊಡು ಎಂದು ಬೇಡಲು ಗುಂಡ್ಲುಪೇಟೆಗೆ ಹೋದೆ. ಅವಳ ಮಣಿಕಟ್ಟಿನ ಸುತ್ತ ಇನ್ನೂ ಹಸಿರುಗಟ್ಟಿದ ಗುರುತಿತ್ತು. "ಬರ್ದು ನಿನ್ ಕೈಗೇ ಕೊಟ್ಟಿದ್ನಲ್ಲಮ್ಮಿ" ಎಂದಳು. "ಇನ್ನೊಂದ್ಸಲ ನನ್ ಕೈಲಾಗಲ್ಲ. ಕಾಪಿ ಕುಡ್ಕಂಡು ಓಗು." ಪರೀಕ್ಷೆಗೆ ಅವಳು ಬರಲಿಲ್ಲ. ಅವನು ಬಂದಿದ್ದ. ನನ್ನ ಹಿಂದಿನ ಬೆಂಚಿನಲ್ಲೇ ಕುಳಿತು ಬರೆದ.

ಸರ್ಟಿಫಿಕೇಟ್ ಬಂದ ದಿನ ಬಸ್ಸಿಳಿದು ನೇರ ಜಗಲಿಗೆ ಹೋದೆ. ಆಗದ ಮಾತು ಎಂದಿದ್ದ ದೊಡ್ಡಪ್ಪನ ಕೈಗೇ ಕೊಡಬೇಕೆಂದು ಮೂರು ವರ್ಷ ಕಾದಿದ್ದೆ. ಅವರು ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಈಸಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಬೆನ್ನ ಹಿಂದೆ, ಬೀದಿಯ ಕಡೆ ಕಣ್ಣು ಹಾಯಿಸಿ ಕೇಳಿದರು:

"ಗುಂಡ್ಲುಪೇಟೆ ಕಳ್ಳೀದು ಎಲ್ಲಮ್ಮಿ?"