ನಮ್ಮ ಕಾಲು

ಪ್ರೊಫೆಸರ್ ನಾಗಭೂಷಣ ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರ ಕಣ್ಣು ಯಾವಾಗಲೂ ಎದುರಿನವರ ಮೊಣಕಾಲಿನಿಂದ ಕೆಳಗೆ. ವರ್ಷಗಟ್ಟಲೆ ಅವರ ಬಳಿ ಪಿಎಚ್‌ಡಿಗೆಂದು ಏಗಿದ ನನ್ನನ್ನು ಅವರು ರಸ್ತೆಯಲ್ಲಿ ಗುರುತಿಸುತ್ತಿದ್ದದ್ದು ಚಪ್ಪಲಿಯಿಂದ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಕೃತಕ ಕಾಲು ನನ್ನ ಸಂಶೋಧನೆಯ ವಿಷಯ, ಅವರು ಗೈಡು. ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನ ಕಟ್ಟೆಯೊಂದರ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. "ಆ ಹಸಿರು ಸೀರೆ ನೋಡಮ್ಮ, ಎಡಗಡೆ ಸೊಂಟ ನೋಯ್ತಿದೆ. ಈ ಯಜಮಾನ್ರು ಹೆಬ್ಬೆರಳು ಊರ್ತಾನೇ ಇಲ್ಲ." ನಡಿಗೆ ನೋಡಲು ಕಲಿಸಿದವರು ಅವರೇ, ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆದರೂ ಅವರನ್ನು ನೆನೆದಾಗ ಮೊದಲು ಬಾಯಿಗೆ ಬರುವುದು "ಥೂ!"

ರಂಗಪ್ಪನವರದು ಕಲಾಸಿಪಾಳ್ಯದಲ್ಲಿ ಕುಂಬಳಕಾಯಿ ಅಂಗಡಿ. ಲಾರಿ ಹರಿದು ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ವ್ಯಾಪಾರ ಬಿಟ್ಟು ಬಂದು, ನಾನು ಮಾಡಿದ ಕಾಲು ಕಟ್ಟಿಕೊಂಡು ಚಾಮರಾಜಪೇಟೆಯ ನಮ್ಮ ಲ್ಯಾಬಿನಲ್ಲಿ ತಿಂಗಳುಗಟ್ಟಲೆ ನಡೆದರು. ಪ್ರಯೋಗ ಮುಗಿದ ಮೇಲೆ ಕಾಲು ಅವರಿಗೇ ಎಂದು ಮಾತಾಗಿತ್ತು. ಪ್ರೊಫೆಸರರ ಬಾಯಲ್ಲಿ ಮಾತ್ರ ಅವರು 'ಸಬ್ಜೆಕ್ಟು', ಕಾಲು 'ನಮ್ಮ ಕಾಲು'.

ಕಾಲು ಒಯ್ಯಲು ರಂಗಪ್ಪ ಬಂದ ದಿನ ಆಯುಧಪೂಜೆ. ನೋಡಿದರೆ ಕಾಲು ಮೇಜಿನ ಮೇಲೆ! ಹಿಮ್ಮಡಿಗೆ ವಿಭೂತಿ, ಬೆರಳಿಗೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ.

"ಸರ್, ರಂಗಪ್ಪನವರು ಬಂದಿದಾರೆ, ಕಾಲು ಕೊಡ್ಬೇಕು," ಎಂದೆ.

"ಪೂಜೆಗೆ ಇಟ್ಟಿದ್ದನ್ನ ಎತ್ತೋ ಹಾಗಿಲ್ಲಮ್ಮ. ಆಮೇಲೂ ಅದು ಗಾಜಿನ ಪೆಟ್ಟಿಗೆಗೇ. ಬಂದೋರಿಗೆಲ್ಲ ತೋರಿಸ್ಬೇಡ್ವಾ ನಮ್ಮ ಕಾಲನ್ನ?"

"ಮತ್ತೆ ಅವರು?"

"ಸಬ್ಜೆಕ್ಟ್‌ಗೆ ಕಡ್ಲೆಪುರಿ ಕೊಟ್ಟು ಕಳಿಸು."

ರಂಗಪ್ಪ ಪುರಿಯ ಪೊಟ್ಟಣ ಹಿಡಿದು ತಿರುಗಿದರು. ಬಾಗಿಲಲ್ಲೇ ದೃಷ್ಟಿಗೆಂದು ಬೂದುಗುಂಬಳಕಾಯಿ ಒಡೆದು ಹಾಗೇ ಬಿಟ್ಟಿದ್ದರು. ಊರುಗೋಲು ಅದರ ತಿರುಳಿನ ಮೇಲೆ ಜಾರಿತು. ಧೊಪ್ಪೆಂದು ಬಿದ್ದರು, ಪುರಿಯೆಲ್ಲ ಚೆಲ್ಲಾಪಿಲ್ಲಿ. ಪ್ರೊಫೆಸರರು ಬಗ್ಗಿ ನೋಡಿ ಹೇಳಿದ್ದೇನು ಗೊತ್ತೇ? "ಕೋಲನ್ನ ಎಷ್ಟು ಆಚೆಗೆ ಊರ್ತಾರೆ, ಗಮನಿಸಿದ್ಯಾ?"

ಛೀ! ಹಾರ ಕಿತ್ತೆಸೆದು, ಕುಂಕುಮದ ಸಮೇತ ಕಾಲನ್ನು ತಂದು, ರಂಗಪ್ಪನವರನ್ನು ಹೊಸ್ತಿಲ ಮೇಲೇ ಕೂರಿಸಿ ತೊಡಿಸಿದೆ. ಹಿಂದಿನಿಂದ ಒಂದೇ ಕೂಗು: "ನಮ್ಮ ಕಾಲು! ನಮ್ಮ ಕಾಲು!"

ನನ್ನ ಪ್ರಬಂಧಕ್ಕೆ ಪ್ರೊಫೆಸರರು ಸಹಿ ಹಾಕಲಿಲ್ಲ. ಬೇರೆ ಗೈಡ್ ಹಿಡಿದು, ಮೊದಲಿನಿಂದ ಎಲ್ಲ ಮತ್ತೆ ಮಾಡಿ ಡಿಗ್ರಿ ತೆಗೆದುಕೊಂಡೆ.

ನಾನು ಪ್ರೊಫೆಸರರನ್ನು ಕೊನೆಗೆ ಕಂಡದ್ದು ಎಷ್ಟೋ ವರ್ಷದ ಮೇಲೆ, ಇನ್ನೊಂದು ಆಯುಧಪೂಜೆಯ ಹಿಂದಿನ ದಿನ. ಕಾಲಿನ ಪಟ್ಟಿ ಬದಲಿಸಿಕೊಡಲು ರಂಗಪ್ಪನವರ ಅಂಗಡಿಗೆ ಹೋಗಿದ್ದೆ. ಬಗ್ಗಿದ ಬೆನ್ನಿನ ಮುದುಕರೊಬ್ಬರು ಬೂದುಗುಂಬಳಕಾಯಿಗೆ ಚೌಕಾಸಿ ಮಾಡುತ್ತಿದ್ದರು. ರಂಗಪ್ಪ ಕಾಯಿ ಹಿಡಿದು ರಾಶಿ ಬಳಸಿ ಬಂದರು. ಎರಡು ಹೆಜ್ಜೆ ಕಂಡದ್ದೇ ತಡ, ಮುದುಕರು ಬೀದಿಯಲ್ಲೇ ಕುಕ್ಕರಿಸಿದರು.

"ಅಯ್ಯೋ, ಇದು ನಮ್ಮ ಕಾಲು! ಹಿಮ್ಮಡಿ ಒಂಚೂರೂ ಸವೆದಿಲ್ಲ!"

ಕಣ್ಣಲ್ಲಿ ನೀರಿತ್ತು. ಆದರೆ ಕತ್ತೆತ್ತಿ ರಂಗಪ್ಪನವರ ಮುಖ ನೋಡಲಿಲ್ಲ, ಪಕ್ಕದಲ್ಲೇ ನಿಂತಿದ್ದ ನನ್ನದನ್ನೂ ನೋಡಲಿಲ್ಲ.

ರಂಗಪ್ಪ ಅವರನ್ನು ರಟ್ಟೆ ಹಿಡಿದು ಎಬ್ಬಿಸಿ, ಕಾಯಿಯನ್ನು ಕೈಗಿಟ್ಟರು.

"ಕಾಲು ನಂದು ಸಾರ್. ಇದು ನಿಮ್ದು. ಒಡೆದ ಮೇಲೆ ಬಾಗ್ಲಲ್ಲೇ ಬಿಡ್ಬೇಡಿ, ಎತ್ತಿ ಹಾಕ್ಸಿ."