ನಳಿನಾಕ್ಷಿಯಕ್ಕನ ಅಡುಗೆಮನೆ ಗೋಡೆ

ಮ್ಯಾನ್‌ಹಟನ್ ಹತ್ತಿರದ ಮೆಟುಚೆನ್‌ನ ನಮ್ಮ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ನನ್ನ ಮೇಲಿನ ಮನೆ ನಳಿನಾಕ್ಷಿಯಕ್ಕನದು. ಮಂಗಳೂರು ಕಡೆಯವರು, ಯಾರನ್ನೂ ಸುಮ್ಮನೆ ನಂಬುವ ಹೆಂಗಸಲ್ಲ. ಬಾಗಿಲಿಗೆ ಬಂದ ಪಾರ್ಸೆಲ್ಲನ್ನೂ ಅಲ್ಲಾಡಿಸಿ ನೋಡಿಯೇ ಒಳಗೆ ತರುತ್ತಾರೆ. ನಾನು ಕೊಟ್ಟ ಕೋಡುಬಳೆಯನ್ನು ಮೊದಲು ಗಂಡ ಸೇಸಪ್ಪಣ್ಣನಿಗೆ ತಿನ್ನಿಸಿ ನೋಡಿದ್ದರು. ಅದನ್ನು ನಾನಿನ್ನೂ ಮರೆತಿಲ್ಲ.

ಕಳೆದ ವರ್ಷ ಅವರ ಅಡುಗೆಮನೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿಯಿತು. ಸೇಸಪ್ಪಣ್ಣನ ಕೆಮ್ಮು ಶುರುವಾದದ್ದೂ ಆಗಲೇ. ಮಾಲೀಕ ಬಂದು ನೋಡಿ, ಇದೆಲ್ಲ ನಿಮ್ಮ ಅಡುಗೆಯ ಹಬೆಯಿಂದಲೇ, ಹೀಗೇ ಆದರೆ ಲೀಸ್ ರಿನ್ಯೂ ಮಾಡುವುದಿಲ್ಲ ಎಂದುಬಿಟ್ಟ. ದಿನಾ ಕುಚ್ಚಲಕ್ಕಿ ಕುದಿಯುವ ಮನೆ ಅದು. ಅಕ್ಕ ಎದುರಾಡಲಿಲ್ಲ.

ಅದರ ಬೆನ್ನಿಗೇ ಶ್ರದ್ಧಾ ಬಂದಳು. ಮ್ಯಾನ್‌ಹಟನ್‌ನಲ್ಲಿ ಹಳೆಯ ಗೋಡೆಗಳ ತೇವದ ಮೇಲೆ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಮಾಲೀಕನ ಒಪ್ಪಿಗೆ ಪಡೆದು ಗೋಡೆಯೊಳಗೊಂದು, ಒಲೆಯ ಮೇಲೊಂದು ತೇವ ಅಳೆಯುವ ಸೆನ್ಸರ್ ಕೂರಿಸಿದಳು.

"ಆಂಟಿ, ನೀವು ನಾರ್ಮಲ್ ಆಗಿ ಅಡುಗೆ ಮಾಡ್ಕೊಂಡಿರಿ, ಅಷ್ಟು ಸಾಕು" ಎಂದಳು.

ಅಕ್ಕನ ತಲೆಗೆ ಹುಳ ಬಿಡಲು ಅಷ್ಟೇ ಸಾಕಾಯಿತು. ಗೋಡೆಯ ಬಗ್ಗೆ ಓದುವುದಕ್ಕೂ ಯಾರಾದರೂ ಯೂನಿವರ್ಸಿಟಿಗೆ ಹೋಗುತ್ತಾರೆಯೇ? ಮಾಲೀಕನೇ ಸಾಕ್ಷಿ ಹುಡುಕಲು ಕಳಿಸಿರಬೇಕು. ಕನ್ನಡದವಳಾದರೆ ಒಳಗೆ ಬಿಡುತ್ತಾರೆಂದು ಆರಿಸಿಯೇ ಕಳಿಸಿರಬೇಕು.

ಕೆಲವು ದಿನಗಳಲ್ಲಿ ನನಗೂ ಅನುಮಾನ ಬಂತು. ಮೇಲಿನಿಂದ ಒಗ್ಗರಣೆಯ ವಾಸನೆಯೇ ಇಲ್ಲ. ಗಂಡಹೆಂಡಿರು ಜಗಳವಾಡಿದರೋ ಏನೋ ಎಂದು ಹತ್ತಿ ಹೋದೆ. ಸೇಸಪ್ಪಣ್ಣ ಮೊಸರವಲಕ್ಕಿ ಮುಂದಿಟ್ಟುಕೊಂಡು ಮುಖ ಕಿವುಚಿಕೊಂಡಿದ್ದರು. ಅಕ್ಕ ಸೆನ್ಸರ್ ಕಡೆ ಕಣ್ಣು ತೋರಿಸಿ, ನನ್ನನ್ನು ಹೊರಗೆ ಎಳೆದುಕೊಂಡು ಬಂದರು.

"ಒಲೆ ಹಚ್ಚುವುದನ್ನೇ ನಿಲ್ಲಿಸಿದ್ದೇನೆ ಮಾರಾಯ್ತಿ. ಮೆಲ್ಲ ಮಾತಾಡು, ಅದಕ್ಕೆ ಕಿವಿ ಉಂಟೋ ಏನೋ."

ಶ್ರದ್ಧಾ ಮತ್ತೆ ಬಂದ ದಿನ ಅಕ್ಕ ನನ್ನನ್ನೂ ಕರೆಸಿಕೊಂಡಿದ್ದರು, ಬಹುಶಃ ತಮ್ಮ ಕಡೆಯ ಸಾಕ್ಷಿಗೆ. ಹುಡುಗಿ ಲ್ಯಾಪ್‌ಟಾಪ್ ನೋಡುತ್ತಾ ಹುಬ್ಬು ಗಂಟಿಕ್ಕಿದಳು.

"ಆಂಟಿ, ಒಲೆ ಮೇಲಿನ ಸೆನ್ಸರ್‌ನಲ್ಲಿ ಹಬೆನೇ ಕಾಣ್ತಿಲ್ಲ. ಅಡುಗೆ ಮಾಡ್ಲೇ ಇಲ್ವಾ?"

ಅಕ್ಕ ನನ್ನ ಮುಖ ನೋಡಿದರು. ನಾನು ಫ್ರಿಜ್ ನೋಡಿದೆ. ಮಾಡಿದೆ ಎಂದರೆ ಮಾಲೀಕ ಹೇಳಿದ್ದೇ ನಿಜವಾಗುತ್ತದೆ, ಇಲ್ಲ ಎಂದರೆ ಮೋಸ ಬಯಲಾಗುತ್ತದೆ.

"ಇಲ್ಲ" ಎಂದರು ಕೊನೆಗೆ. "ನಿನ್ನನ್ನು ಅವನ ಕಡೆಯವಳು ಅಂತ ಎಣಿಸಿದೆ."

ಶ್ರದ್ಧಾ ಸಿಟ್ಟಾಗಲಿಲ್ಲ. "ಒಲೆ ಹಚ್ಚದೇ ಇದ್ರೂ ಮಳೆ ಬಂದಾಗಲೆಲ್ಲ ಗೋಡೆ ಒದ್ದೆ ಆಗಿದೆ, ನೋಡಿ. ನೀರು ಹೊರಗಿನ ಇಟ್ಟಿಗೆಯಿಂದ ಬರ್ತಿದೆ. ನೀವು ಅಡುಗೆ ನಿಲ್ಸಿದ್ರಿಂದಲೇ ಇದು ಇಷ್ಟು ಕ್ಲಿಯರ್ ಆಗಿ ಗೊತ್ತಾಯ್ತು. ಓನರ್‌ಗೆ ನಾನೇ ಹೇಳ್ತೀನಿ, ಗೋಡೆ ರಿಪೇರಿ ಮಾಡಿಸ್ಲಿ."

ಲೀಸ್ ಬಗ್ಗೆ ಅಕ್ಕ ಕೇಳುತ್ತಾರೆಂದು ಕಾದೆ. ಅವರು ಸೇಸಪ್ಪಣ್ಣನಿದ್ದ ಕೋಣೆಯ ಕಡೆ ನೋಡಿದರು.

"ಹಾಗಾದರೆ ಇವರ ಕೆಮ್ಮು..." ಎಂದು ತಡೆದರು. "ನನ್ನ ಅಡುಗೆಯಿಂದ ಬಂದದ್ದು ಅಲ್ಲ ಅಂತಲಾ?"

"ಆ ಬೂಷ್ಟಿಗೂ ನಿಮ್ಮ ಅಡುಗೆಗೂ ಸಂಬಂಧ ಇಲ್ಲ ಆಂಟಿ."

ಊರಿನವರನ್ನೆಲ್ಲ ಅನುಮಾನಿಸುತ್ತಿದ್ದ ಹೆಂಗಸು ಇಷ್ಟು ದಿನ ಒಳಗೊಳಗೇ ತನ್ನ ಕೈಯನ್ನೇ ಅನುಮಾನಿಸಿಕೊಂಡು ಕೂತಿದ್ದರು. ಕೋಡುಬಳೆಯ ಸಿಟ್ಟು ನನಗೆ ಅಲ್ಲಿಗೇ ಇಳಿದುಹೋಯಿತು.

ಅಕ್ಕ ತೋಳಿನಿಂದ ಮುಖ ಒರೆಸಿಕೊಂಡು ಎದ್ದು, ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟರು. ಪಾತ್ರೆಯ ಸದ್ದಿಗೆ ಆಚೆಯಿಂದ ಸೇಸಪ್ಪಣ್ಣ ಕೆಮ್ಮುತ್ತಾ ಕೇಳಿದರು:

"ಇವತ್ತೂ ಅವಲಕ್ಕಿಯಾ?"

"ಅಲ್ಲ" ಎಂದರು ಅಕ್ಕ. "ಅನ್ನ."