ವೈರು ಕಿತ್ತು ನೋಡುವ ಮೇಸ್ತ್ರಿ

ಗ್ಯಾರೇಜಿನ ಮೇಸ್ತ್ರಿಗೆ ಮೊಣಕಾಲು ಸೋತಿದೆ, ಸೊಂಟ ಹಿಡಿದಿದೆ, ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಯಾವ ಕಾರು ಬಂದರೂ ಬಾನೆಟ್ ಎತ್ತಿ, ಅರ್ಧ ಮಲಗಿದಂತೆ ಒಳಗೆ ಬಾಗಿ, ಇಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಸೆನ್ಸರಿನ ಯೋಗಕ್ಷೇಮ ವಿಚಾರಿಸುತ್ತಾರೆ. ಜೊತೆಗೆ ಕೆಲಸ ಮಾಡುವ ಅಳಿಯ ದೋಷ ಹುಡುಕುವ ಸ್ಕ್ಯಾನರ್ ತಂದು ಚುಚ್ಚುವಷ್ಟರಲ್ಲಿ ಇವರ ಪರೀಕ್ಷೆ ಮುಗಿದಿರುತ್ತದೆ: ಇಂಜಿನ್ ಓಡುತ್ತಿರುವಾಗಲೇ ಸೆನ್ಸರಿನ ವೈರು ಕೀಳುವುದು. ಇಂಜಿನ್ ತಡವರಿಸಿದರೆ, "ಬದುಕಿದೆ, ತೊಳೆದು ಹಾಕು" ಅನ್ನುತ್ತಾರೆ. ಏನೂ ಆಗದಿದ್ದರೆ ನಿಟ್ಟುಸಿರು ಬಿಟ್ಟು, "ಕಿತ್ತಿದ್ದೂ ಗೊತ್ತಾಗಲಿಲ್ಲ ನೋಡು. ಇದು ಸತ್ತು ಎಷ್ಟು ಕಾಲ ಆಯ್ತೋ" ಅನ್ನುತ್ತಾರೆ. ಹೆಂಡತಿ ಮುನಿದ ದಿನ ಮನೆಯಲ್ಲೂ ಇದೇ ಪರೀಕ್ಷೆ. ಊಟಕ್ಕೆ ಏಳದೆ ಕೂರುತ್ತಾರೆ. ಅವಳು ಗೊಣಗುತ್ತಾ ಕರೆದರೆ, "ಬದುಕಿದೆ" ಎಂದುಕೊಂಡು ಎದ್ದು ಬರುತ್ತಾರೆ. ಮೊನ್ನೆ ಜ್ವರ ಬಂದು ವಾರವಿಡೀ ಮಲಗಿದ್ದವರು ಗ್ಯಾರೇಜಿಗೆ ಮರಳಿದ ಕೂಡಲೇ, "ನಾನಿಲ್ಲದೆ ಕಷ್ಟ ಆಯ್ತೇನಪ್ಪಾ?" ಎಂದು ಕೇಳಿದರು. ಅವರಿಗೆ ಸಮಾಧಾನವಾಗಲೆಂದೇ ಅಳಿಯ ಹೇಳಿದ: "ಏನೂ ಇಲ್ಲ ಮಾವ, ನೀವಿಲ್ಲ ಅಂತ ಗೊತ್ತೇ ಆಗಲಿಲ್ಲ." ಮೇಸ್ತ್ರಿ ತಲೆಯಾಡಿಸಿ, ಓಡುತ್ತಿದ್ದ ಮುಂದಿನ ಕಾರಿನೊಳಗೆ ಬಾಗಿ ವೈರು ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು, ಕೀಳಲಿಲ್ಲ.